ಒಣಗಲು ಹಾಕಿದ ಬಾವುಟ

ದರ್ಜಿ ಬೋಟು ಹತ್ತಿ ವರ್ಷಗಳೇ ಕಳೆದಿದ್ದರೂ ಬಂದರಿನವರ ಬಾಯಲ್ಲಿ ಅವನು ಇನ್ನೂ ದರ್ಜಿಯೇ. ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಕಂಡವರ ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಂಡು ತಣ್ಣಗಿದ್ದ ಮನುಷ್ಯ. ಒಂದು ದಿನ ಹರಿದ ಬಾವುಟ ಹೊಲಿಸಲು ಬಂದ ಹುಡುಗಿ, ಹೊಲಿಗೆ ಮುಗಿಯುವವರೆಗೂ ಎದುರಿನ ಸ್ಟೂಲಿನ ಮೇಲೆ ಕೂತು ಸಮುದ್ರದ ಸುದ್ದಿ ಹೇಳಿದಳು. ಹೊಲಿಗೆ ಬೇಗ ಮುಗಿಯಬಾರದೆಂದು ಅವನು ಹಾಕಿದ ದಾರವನ್ನೇ ಬಿಚ್ಚಿ ಮತ್ತೆ ಹಾಕಿದ. ಅಲ್ಲಿಂದ ಮುಂದಿನದನ್ನು ಯಾರಾದರೂ ಊಹಿಸಬಹುದು. ಈಗ ಅವಳು ಬೋಟಿನ ಕ್ಯಾಪ್ಟನ್, ಇವನು ಆ ಬೋಟಿನ ಒಬ್ಬನೇ ಒಬ್ಬ ಕೆಲಸಗಾರ. "ಮನೆಯಲ್ಲೂ ಅವಳ ಮಾತೇ, ನೀರಿನ ಮೇಲೂ ಅವಳ ಮಾತೇ, ನೀನು ಉಸಿರಾಡೋದು ಯಾವಾಗ?" ಎಂದು ಯಾರಾದರೂ ಕಿಚಾಯಿಸಿದರೆ, "ಅವಳು ಹೇಳಿದಾಗ" ಎನ್ನುತ್ತಿದ್ದ. ಅದರಲ್ಲಿ ಅವನಿಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ.

ಆ ಬಂದರಿನಲ್ಲಿ ಮೀನು ಹಿಡಿಯುವುದು ಶೋಕಿಗೆ. ಅಂದರೆ ಹಿಡಿಯುವವರಿಗೆ ಶೋಕಿ, ಕರೆದೊಯ್ಯುವವರಿಗೆ ಹೊಟ್ಟೆಪಾಡು. ದೂರದ ಊರುಗಳಿಂದ ಜನ ರಜೆ ಹಾಕಿ ಬರುತ್ತಾರೆ, ಬೋಟು ಬಾಡಿಗೆಗೆ ತೆಗೆದುಕೊಂಡು, ಗಾಳದ ಕೋಲು ಹಿಡಿದು ದಿನವಿಡೀ ಬಿಸಿಲಲ್ಲಿ ಬೇಯುತ್ತಾರೆ. ಅವರಿಗೆಲ್ಲ ಬೇಕಾದದ್ದು ಹಾಯಿಮೀನು. ಬೆನ್ನ ಮೇಲೆ ಹಾಯಿ ಬಿಚ್ಚಿದಂಥ ರೆಕ್ಕೆ, ಈಟಿಯಂಥ ಮೂತಿ, ಆಳಿಗಿಂತ ಉದ್ದ. ಗಾಳ ಕಚ್ಚಿತೆಂದರೆ ನೀರು ಬಿಟ್ಟು ಗಾಳಿಯಲ್ಲಿ ಕುಣಿಯುತ್ತದೆ. ಅದನ್ನು ಬೋಟಿನ ಪಕ್ಕಕ್ಕೆ ಎಳೆತಂದು, ಗಾಳ ಬಿಡಿಸಿ, ಮತ್ತೆ ನೀರಿಗೇ ಬಿಡಬೇಕು. ಅದು ಅಲ್ಲಿನ ಪದ್ಧತಿ. ಬಿಟ್ಟ ಮೇಲೆ ತೋರಿಸಲು ಏನಿರುತ್ತದೆ? ಬಾವುಟ. ಹಿಡಿದ ಪ್ರತಿ ಮೀನಿಗೂ ಬೋಟಿನ ಕಂಬಕ್ಕೆ ಒಂದು ಬಾವುಟ. ಹಿಡಿದು ಬಿಟ್ಟಿದ್ದರೆ ಅದೇ ಬಾವುಟ ತಲೆಕೆಳಗಾಗಿ. ಸಂಜೆ ಬೋಟುಗಳು ಮರಳುವ ಹೊತ್ತಿಗೆ ಬಂದರಿನ ಕಟ್ಟೆಯ ಮೇಲಿನವರೆಲ್ಲ ಕಂಬಗಳನ್ನೇ ನೋಡುತ್ತ ನಿಲ್ಲುತ್ತಾರೆ. ಆ ಬಾವುಟಗಳನ್ನೆಲ್ಲ ಹೊಲಿಯುವವನು ನಮ್ಮ ದರ್ಜಿಯೇ.

ಇನ್ನು ಅವನ ಹೆಂಡತಿಯ ಸಂಜೆ ಸುದ್ದಿ. ಐಸ್ ಗೋದಾಮಿನ ಮೇಲೊಂದು ಪುಟ್ಟ ಕೋಣೆ, ಕೋಣೆಯಲ್ಲೊಂದು ಮೇಜು, ಮೇಜಿನ ಮೇಲೊಂದು ಮೈಕು. ಬೋಟುಗಳು ಬಂದು ಕಟ್ಟಿದ ಮೇಲೆ ಅವಳು ಮರದ ಮೆಟ್ಟಿಲು ಹತ್ತಿ ಹೋಗಿ, ಆ ದಿನ ಗಾಳಿ ಹೇಗಿತ್ತು, ನೀರಿನ ಬಣ್ಣ ಯಾವುದು, ನೀರು ಬೆಚ್ಚಗಿತ್ತೋ ತಣ್ಣಗಿತ್ತೋ, ಯಾವ ಬೋಟಿಗೆ ಏನು ಸಿಕ್ಕಿತು ಎಂದು ಹೇಳುತ್ತಿದ್ದಳು. ಕಟ್ಟೆಯುದ್ದಕ್ಕೂ ಸ್ಪೀಕರುಗಳು. ಅದೇ ಮಾತು ಒಂದು ಫೋನ್ ನಂಬರಿನಲ್ಲೂ ಸಿಗುತ್ತಿತ್ತು. ಮೀನಿನ ಹುಚ್ಚಿನವರು ತಮ್ಮ ತಮ್ಮ ಊರಿನಿಂದ ಆ ನಂಬರು ಒತ್ತಿ ಕೇಳಿ, ಆಮೇಲೆ ಬ್ಯಾಗು ಕಟ್ಟುತ್ತಿದ್ದರು. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂರುತ್ತಿದ್ದವನು ಅವಳ ಅಪ್ಪ. ಅಪ್ಪ ಹಾಕಿಕೊಟ್ಟ ಒಂದು ಕ್ರಮವನ್ನು ಅವಳು ಬಿಟ್ಟಿರಲಿಲ್ಲ. ತನ್ನ ಕಣ್ಣಾರೆ ನೋಡಿದ್ದಕ್ಕೆ 'ಕಂಡದ್ದು' ಎನ್ನುವುದು, ಬೇರೆ ಬೋಟಿನವರು ಬಂದು ಹೇಳಿದ್ದಕ್ಕೆ 'ಕೇಳಿದ್ದು' ಎನ್ನುವುದು. ಕೇಳಿದ್ದನ್ನು ಅವಳು ಎಂದೂ ಕಂಡದ್ದಕ್ಕೆ ಬೆರೆಸುತ್ತಿರಲಿಲ್ಲ, ಅದು ಸ್ವಂತ ಚಿಕ್ಕಪ್ಪನ ಬೋಟಾದರೂ ಸರಿ.

ಆ ಹೊತ್ತಿನಲ್ಲಿ ದರ್ಜಿ ಬೋಟು ತೊಳೆಯುತ್ತಿರುತ್ತಿದ್ದ. ಅವಳ ಧ್ವನಿ ಶುರುವಾದರೆ ಬಕೆಟ್ಟು ಕೆಳಗಿಡುತ್ತಿದ್ದ. ಬೆಳಗಿನಿಂದ ಅದೇ ಧ್ವನಿ "ರೀ, ಆ ಹಗ್ಗ ಬಿಡಿ", "ರೀ, ಈ ಕಡೆ ಬನ್ನಿ" ಎಂದು ಅವನನ್ನು ಬುಗುರಿಯ ಹಾಗೆ ತಿರುಗಿಸಿರುತ್ತಿತ್ತು. ಆದರೂ ಸ್ಪೀಕರಿನಲ್ಲಿ ಕೇಳುವಾಗ ಅವನಿಗೆ ಹೆಮ್ಮೆ ಉಕ್ಕುತ್ತಿತ್ತು. ಇಷ್ಟು ಜನ ಕಿವಿಗೊಟ್ಟು ಕೇಳುವ ಹೆಂಗಸು ಮನೆಗೆ ಬಂದು ತನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾಳಲ್ಲ ಎಂದು ಒಬ್ಬನೇ ನಗುತ್ತಿದ್ದ.

ಈ ಸಲ ಸಮುದ್ರ ಮುನಿಸಿಕೊಂಡಿತ್ತು. ಸೀಸನ್ ಶುರುವಾದಾಗಲೇ ಎತ್ತಲಿಂದಲೋ ತಣ್ಣೀರು ನುಗ್ಗಿ, ನೀಲಿ ಇರಬೇಕಾದ ನೀರು ಪಾಚಿಹಸಿರಿಗೆ ತಿರುಗಿತ್ತು. ಹಾಯಿಮೀನಿಗೆ ಬೆಚ್ಚಗಿನ ನೀಲಿ ನೀರೇ ಆಗಬೇಕು. ಅದರ ಗತ್ತು ಅಂಥದ್ದು. ಗಾಳಕ್ಕೆ ಸಿಗುತ್ತಿದ್ದದ್ದೆಲ್ಲ ಪುಡಿಮೀನು. ಅವಳು ದಿನವೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ಕಂಡದ್ದು. ನೀರು ಹಸಿರು, ತಣ್ಣಗಿದೆ. ಹಾಯಿಮೀನು ಇಲ್ಲ. ರಜೆ ಹಾಕುವವರು ಸ್ವಲ್ಪ ಕಾಯುವುದು ಒಳ್ಳೆಯದು." ಕೇಳಿದವರು ಕಾದರು. ಬರಬೇಕೆಂದಿದ್ದವರೂ ನಿಂತರು. ಬೋಟುಗಳು ಕಟ್ಟಿದಲ್ಲೇ ತೂಗಾಡತೊಡಗಿದವು.

ಆಗ ಒಂದೊಂದೇ ಕಂಬದ ಮೇಲೆ ಬಾವುಟ ಕಾಣಿಸಿಕೊಂಡಿತು. ಅತಿಥಿಗಳಿಲ್ಲದ ದಿನ, ನೀರು ನೋಡಿ ಬರುತ್ತೇವೆಂದು ಒಬ್ಬೊಬ್ಬರೇ ಹೋಗುವುದು, ಬರುವಾಗ ಬಾವುಟ ಏರಿಸಿಕೊಂಡು ಬರುವುದು. ಎಲ್ಲವೂ ತಲೆಕೆಳಗಾದ ಬಾವುಟಗಳೇ. ಹಿಡಿದೆವು, ಬಿಟ್ಟೆವು. ಬಿಟ್ಟ ಮೀನು ಬಂದು ಸಾಕ್ಷಿ ಹೇಳುತ್ತದೆಯೇ? ಮೊದಲು ಒಬ್ಬ ಕಾಗೆ ಹಾರಿಸಿದ, ಅವನನ್ನು ನೋಡಿ ಇನ್ನೊಬ್ಬ ಎರಡು ಹಾರಿಸಿದ. ಅಪ್ಪಿತಪ್ಪಿ ಬಂದ ಅತಿಥಿಗಳು ಯಾರ ಕಂಬ ತುಂಬಿದೆಯೋ ಅವರ ಬೋಟನ್ನೇ ಹತ್ತಿದರು. ಅವಳು ಆ ಮೀನುಗಳನ್ನೆಲ್ಲ ಮುಖ ಗಂಟಿಕ್ಕದೆ, ಒಂದನ್ನೂ ಬಿಡದೆ, 'ಕೇಳಿದ್ದು' ಎಂದು ಓದಿದಳು. ಕೇಳಿದ್ದು ದಿನೇ ದಿನೇ ಉದ್ದವಾಯಿತು. ಕಂಡದ್ದು ಮಾತ್ರ ಇದ್ದಲ್ಲೇ ಇತ್ತು, ಅವಳ ಕಂಬ ಬೋಳಾಗಿಯೇ ಇತ್ತು.

ಎಲ್ಲರಿಗಿಂತ ಭರ್ತಿಯಾದ ಕಂಬ ಅವಳ ಚಿಕ್ಕಪ್ಪನದು. ಬೋಟು ಮಾಲೀಕರ ಸಂಘದ ಅಧ್ಯಕ್ಷ, ಬಂದರಿನಲ್ಲೇ ದೊಡ್ಡ ಬೋಟು, ಬೋಟಿಗೆ ತಕ್ಕ ಮೀಸೆ. ಅಪ್ಪ ಹೋದ ಮೇಲೆ ಅವಳಿಗೆ ಬೋಟು ನಡೆಸುವುದನ್ನು ಕಲಿಸಿದವನು ಅವನೇ. ಮನಸ್ಸಿನಲ್ಲಿ ಕಪಟವಿಲ್ಲದ ಮನುಷ್ಯ. ಬಾಯಿಂದ ಮಾತ್ರ ಎಲ್ಲವೂ ಒಂದಕ್ಕೆ ಮೂರಾಗಿ ಹೊರಬರುತ್ತಿತ್ತು. ಒಂದು ಬೆಳಿಗ್ಗೆ ಅವನು ಅವರ ಅಡುಗೆಮನೆಗೆ ಬಂದು, ಬಾಗಿಲ ಪಕ್ಕದ ಕುರ್ಚಿಯನ್ನು ಕಿರುಗುಟ್ಟಿಸುತ್ತ ಕೂತ. ದರ್ಜಿ ಕಿಟಕಿಯ ಬಳಿ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ.

"ಮಗಳೇ, ನಿನ್ನ ಸುದ್ದಿ ಕೇಳಿ ಒಬ್ಬನೂ ಈ ಕಡೆ ತಲೆ ಹಾಕ್ತಿಲ್ಲ," ಎಂದ ಚಿಕ್ಕಪ್ಪ. "ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಂಡ ಹಾಗಾಗ್ತಿದೆ."

"ನೀರು ಹಸಿರಿದೆ ಚಿಕ್ಕಪ್ಪ."

"ಹಸಿರಿದ್ರೆ ಹಸಿರು ಅನ್ನು. ಸ್ವಲ್ಪ ನೀಲಿ ಕಡೆ ತಿರುಗ್ತಿದೆ ಅಂತ ಸೇರಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ತಿರುಗ್ತಿಲ್ವಲ್ಲ."

ಚಿಕ್ಕಪ್ಪ ದರ್ಜಿಯ ಕಡೆ ತಿರುಗಿ, ನೀನಾದರೂ ಹೇಳೋ ಎನ್ನುವ ಹಾಗೆ ನೋಡಿದ. ದರ್ಜಿ ಎಣ್ಣೆ ಡಬ್ಬಿಯ ಮುಚ್ಚಳವನ್ನು ಬಹಳ ಜಾಗ್ರತೆಯಿಂದ ಮುಚ್ಚಿದ.

"ಸಂಘದವರು ನನ್ನ ತಲೆ ತಿಂತಿದ್ದಾರಮ್ಮ. ಶನಿವಾರದವರೆಗೆ ನೋಡ್ತೀನಿ. ಅಷ್ಟರಲ್ಲಿ ನಿನ್ನ ಬಾಯಿಂದ ಒಂದಾದ್ರೂ ಹಾಯಿಮೀನು ಬರ್ಲಿ. 'ಕಂಡದ್ದು' ಅಂತ ಬರ್ಬೇಕು, ನೆನಪಿಟ್ಕೋ. ನೀನು ಅಂದ್ರೆ ಜನ ನಂಬ್ತಾರೆ. ಇಲ್ಲಾಂದ್ರೆ ಭಾನುವಾರದಿಂದ ಮೈಕಿನ ಮುಂದೆ ನಾನೇ ಕೂರ್ತೀನಿ. ಕೋಪ ಮಾಡ್ಕೋಬೇಡ."

"ಕೋಪ ಯಾಕೆ ಚಿಕ್ಕಪ್ಪ? ಮೀನು ಬಂದ್ರೆ ನಾನೇ ಮೊದಲು ಹೇಳ್ತೀನಿ," ಎಂದು ಅವಳು ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು.

ಅವನು ಹೋದ ಮೇಲೆ ಅದೇ ಲೋಟವನ್ನು ಅವಳು ಬಹಳ ಹೊತ್ತು ತೊಳೆದಳು. ಲೋಟ ಆಗಲೇ ಶುಭ್ರವಾಗಿತ್ತು. ಮೈಕಿನ ಮುಂದಿನ ಕುರ್ಚಿಯಲ್ಲಿ ಕೂತಾಗ ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ ಅನ್ನಿಸುತ್ತೆ ಎಂದು ಅವಳು ಮದುವೆಯ ಹೊಸತರಲ್ಲಿ ಒಮ್ಮೆ ಹೇಳಿದ್ದು ದರ್ಜಿಗೆ ನೆನಪಾಯಿತು. ಅವನಿಗೆ ಸಂಕಟವಾಯಿತು. ಹೆಂಡತಿಯ ಬೆನ್ನನ್ನು ನೋಡುತ್ತ, ಏನಾದರೂ ಮಾಡಬೇಕು ಎಂದುಕೊಂಡ. ಒಳ್ಳೆಯ ಗಂಡಸರು ಹೀಗೆ ಅಂದುಕೊಂಡಾಗಲೇ ಎಡವಟ್ಟು ಮಾಡುವುದು.

ಶನಿವಾರ ಬಂತು. ಅವಳ ಬೋಟಿಗೆ ಅತಿಥಿಗಳಿರಲಿಲ್ಲ. ಆದರೂ ಅವಳು ಬೆಳಕಾಗುತ್ತಲೇ ಇಂಜಿನ್ ಹಚ್ಚಿದಳು. ನೀರು ನೋಡದೆ ನೀರಿನ ಸುದ್ದಿ ಹೇಳುವವಳಲ್ಲ. ಹಿಂದೆ ಎರಡು ಗಾಳ ಬಿಟ್ಟುಕೊಂಡು ಗಂಡಹೆಂಡಿರಿಬ್ಬರೇ ಹೋದರು. ಹಸಿರು ನೀರಿನ ಮೇಲೆ ಗಾಳಿ ಸುಮ್ಮನೆ ಗೀಚುತ್ತಿತ್ತು. ಒಂದು ಹಕ್ಕಿಯೂ ಇರಲಿಲ್ಲ. ಅವಳು ಮೇಲಿನ ಅಟ್ಟದಲ್ಲಿ ಸ್ಟೀರಿಂಗು ಹಿಡಿದು, ಕಣ್ಣು ಕಿರಿದು ಮಾಡಿ, ಅಲ್ಲೊಂದು ಇಲ್ಲೊಂದು ಕಡೆ ತಿರುಗಿಸಿ ನೋಡಿದಳು. ಸಂಜೆಗೆ ಮರಳುವಾಗ ಗಾಳಗಳಿಗೆ ಪಾಚಿ ಮಾತ್ರ ಸಿಕ್ಕಿಕೊಂಡಿತ್ತು.

ಬಂದರಿನ ಬಾಯಿ ಕಾಣಿಸುತ್ತಲೇ ದರ್ಜಿ ಕೆಳಗಿನ ಪೆಟ್ಟಿಗೆಯಿಂದ ಒಂದು ಬಾವುಟ ತೆಗೆದ. ನೀಲಿ ಬಟ್ಟೆಯ ಮೇಲೆ ಬಿಳಿ ಹಾಯಿಮೀನು, ಅವನದೇ ಕೈಹೊಲಿಗೆ. ಅವಳು ಮುಂದೆ ನೋಡುತ್ತಿದ್ದಳು, ಕಂಬ ಅವಳ ಬೆನ್ನ ಹಿಂದಿತ್ತು. ಅವನು ಬಾವುಟವನ್ನು ತಲೆಕೆಳಗು ಮಾಡಿ, ಗಂಟು ಬಿಗಿಯಾಗಿ ಹಾಕಿ, ಮೇಲೆಳೆದ. ಅವನ ಲೆಕ್ಕಾಚಾರ ಸರಳವಾಗಿತ್ತು. ಒಂದು ಸಲ ಬಾವುಟ ಎಲ್ಲರ ಕಣ್ಣಿಗೆ ಬಿದ್ದರೆ, ನಾಲ್ಕು ಜನರ ಮುಂದೆ ಕಟ್ಟಿಕೊಂಡ ಗಂಡನ ಮರ್ಯಾದೆ ತೆಗೆಯುತ್ತಾಳೆಯೇ? ತೆಗೆಯುವುದಿಲ್ಲ. ಒಂದೇ ಒಂದು ಮೀನನ್ನು ಹಲ್ಲು ಕಚ್ಚಿ ಹೇಳಿಬಿಡುತ್ತಾಳೆ, ಕುರ್ಚಿ ಉಳಿಯುತ್ತದೆ, ಮನೆಗೆ ಹೋಗಿ ತನಗೆ ಬೈಯುತ್ತಾಳೆ. ಬೈಸಿಕೊಳ್ಳುವುದು ಅವನಿಗೇನೂ ಹೊಸದಲ್ಲ.

ಕಟ್ಟೆಯ ಮೇಲೆ ಚಪ್ಪಾಳೆ ಕೇಳಿಸಿತು. ಯಾರಿಗೆ ಎಂದು ಅವಳು ಆಚೀಚೆ ನೋಡಿದಳು. ಚಿಕ್ಕಪ್ಪ ಎರಡೂ ಕೈ ಎತ್ತಿ ನಿಂತಿದ್ದ. "ಅಂತೂ ನಮ್ಮ ಹುಡುಗಿ ಹಿಡಿದ್ಲು ನೋಡ್ರಪ್ಪ. ಅವಳು ಹಿಡಿದ್ಲು ಅಂದ್ರೆ ಇನ್ನು ಮೀನು ಬಂತು ಅಂತಲೇ," ಎಂದು ಸುತ್ತಲಿನವರಿಗೆ ಹೇಳುತ್ತಿದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳು ತಿರುಗಿ ಕಂಬ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಒಂದೇ ಸಲ. ಬೋಟು ಕಟ್ಟುವವರೆಗೂ ಅವಳು ಒಂದು ಸಲವೂ "ರೀ" ಅನ್ನಲಿಲ್ಲ. ಹಗ್ಗವನ್ನು ತಾನೇ ಎಸೆದು, ತಾನೇ ಬಿಗಿದು, ಮೆಟ್ಟಿಲು ಹತ್ತಿ ಹೋದಳು.

ಸ್ಪೀಕರು ಗೊರಗುಟ್ಟಿತು. ಎಂದಿನ ಧ್ವನಿಯೇ, ಅವಸರವಿಲ್ಲದ್ದು.

"ಗಾಳಿ ಸಾಧಾರಣ. ನೀರು ಹಸಿರು, ತಣ್ಣಗಿದೆ. ಕೇಳಿದ್ದು," ಎಂದು ಉಳಿದ ಬೋಟುಗಳ ಮೀನುಗಳನ್ನೆಲ್ಲ ಸಾಲಾಗಿ ಓದಿದಳು. ಆಮೇಲೆ ಸ್ವಲ್ಪ ನಿಂತಳು. ದರ್ಜಿ ಬಕೆಟ್ಟಿನ ಹಿಡಿ ಹಿಡಿದು ಹಾಗೇ ನಿಂತಿದ್ದ.

"ಕಂಡದ್ದು. ನಮ್ಮ ಬೋಟಿಗೆ ಮೀನು ಸಿಕ್ಕಿಲ್ಲ. ಕಂಬದ ಮೇಲಿರುವ ಬಾವುಟ ನಮ್ಮ ಯಜಮಾನರು ಹೊಲಿದದ್ದು. ಒಗೆದು ಒಣಗಲು ಹಾಕಿದ್ದಾರೆ. ಒಣಗಿದ ಮೇಲೆ ಇಳಿಸುತ್ತಾರೆ."

ಮೊದಲು ಯಾರೋ ಕಿಸಕ್ಕೆಂದರು. ಆ ನಗು ಒಬ್ಬರಿಂದೊಬ್ಬರಿಗೆ ಹತ್ತಿ, ಕಟ್ಟೆಯ ಆ ತುದಿಗೆ ಮುಟ್ಟುವಾಗ ಕೇಕೆಯೇ ಆಗಿತ್ತು. ದರ್ಜಿಯ ಕಿವಿಯೆಲ್ಲ ಬಿಸಿಯಾಯಿತು. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎಂದರೆ ಕಾಲಡಿಯಲ್ಲಿ ಭೂಮಿಯೂ ಇಲ್ಲ, ಬೋಟು. ಅವನು ಕಂಬದ ಬಳಿ ಹೋಗಿ, ಬಾವುಟ ಇಳಿಸಿ, ಒಣಗಿದೆಯೇ ಎಂದು ನೋಡುವವನಂತೆ ಅಂಚು ಮುಟ್ಟಿ, ಮಡಿಸಿಟ್ಟ. ಆ ನಾಚಿಕೆಯ ನಡುವೆಯೂ ಅವನಿಗೆ ಅನ್ನಿಸಿದ್ದೇನೆಂದರೆ, ಎಂಥ ಹೆಂಗಸು ಇವಳು. ಸುಳ್ಳನ್ನೂ ಹೇಳಲಿಲ್ಲ, ಸುಳ್ಳುಗಾರ ಎಂದೂ ಹೇಳಲಿಲ್ಲ. ಬಟ್ಟೆ ಒಗೆದದ್ದೊಂದು ಸುಳ್ಳಲ್ಲವೇ ಎಂದು ಯಾರಾದರೂ ಕೊಂಕು ತೆಗೆಯಬಹುದು. ತೆಗೆಯಲಿ, ಅದನ್ನು ನಂಬಿದವರು ಒಬ್ಬರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ಬೋಟಿನವನು ತಲೆ ಕೆರೆದುಕೊಳ್ಳುತ್ತ, "ನಮ್ಮದೂ ಒಣಗ್ತು ಅನ್ಸುತ್ತೆ," ಎಂದು ತನ್ನ ಕಂಬಕ್ಕೆ ಕೈ ಹಾಕಿದ. ಅವನನ್ನು ನೋಡಿ ಅದರಾಚೆಯವನು. ಕತ್ತಲಾಗುವ ಮೊದಲು ಬಹುಪಾಲು ಕಂಬಗಳು ಬೋಳಾದವು, ಎಲ್ಲರ ಬಟ್ಟೆಯೂ ಒಂದೇ ದಿನ ಒಣಗಿತ್ತು. ಚಿಕ್ಕಪ್ಪನ ಕಂಬ ಮಾತ್ರ ತೋರಣ ಕಟ್ಟಿದ ಹಾಗೆ ಇತ್ತು. ಅವನು ಮೆಟ್ಟಿಲ ಬುಡದಲ್ಲಿ ನಿಂತು, ಅವಳು ಇಳಿದು ಬರುತ್ತಲೇ ಕೈ ಚಾಚಿದ.

"ಕೋಣೆ ಕೀಲಿ ಕೊಡಮ್ಮ."

ಅವಳು ಕೊಟ್ಟಳು.

ಅಂದು ಮನೆಯಲ್ಲಿ ದರ್ಜಿ ತಟ್ಟೆಯ ಮುಂದೆ ಕೂತು ಅನ್ನ ಕಲಸಿದ, ತಿನ್ನಲಿಲ್ಲ. "ತಪ್ಪಾಯ್ತು ಕಣೇ," ಎಂದ. "ನಿನ್ನ ಕುರ್ಚಿ ಉಳಿಸೋಣ ಅಂತ ಹೋಗಿ ನಾನೇ ಕಳೆದೆ."

"ನೀವು ಕಳೀಲಿಲ್ಲ, ಬಿಡಿ. ಬಾವುಟ ಇಲ್ದಿದ್ರೂ ಹೋಗ್ತಿತ್ತು." ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು. "ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ತುಂಬ ಬೇಜಾರಿದೆ. ಆದ್ರೆ ನನಗೆ ಅರ್ಥ ಆಗದೇ ಇರೋದು ಒಂದೇ. ಇಲ್ಲದ ಮೀನು ಹಿಡಿದ್ರಿ, ಸರಿ. ಅದನ್ನ ಮತ್ತೆ ಬಿಟ್ಟಿದ್ದು ಯಾಕೆ? ಬಾವುಟ ನೆಟ್ಟಗೆ ಕಟ್ಟಿ ಮನೆಗೇ ತರಬಹುದಿತ್ತಲ್ಲ."

ಅವನು ತಲೆಯೆತ್ತಿ ನೋಡಿದ. ಅವಳ ತುಟಿ ನಗುತ್ತಿತ್ತು, ಕಣ್ಣು ತುಂಬಿಕೊಂಡಿತ್ತು. ಅವನು ಎದ್ದು ಹೋಗಿ ಅವಳ ಪಕ್ಕ ಕೂತ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಭಾನುವಾರದಿಂದ ಚಿಕ್ಕಪ್ಪನ ಸುದ್ದಿ ಶುರುವಾಯಿತು. ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ, ಎಲ್ಲ ಒಂದೇ ಸಾರು. "ಸಮುದ್ರ ನಗುತ್ತಿದೆ. ಅಲೆಗಳು ಕೈ ಬೀಸಿ ಕರೆಯುತ್ತಿವೆ," ಎನ್ನುತ್ತಿದ್ದ. ದನಿ ಚೆನ್ನಾಗಿತ್ತು, ಒಪ್ಪಬೇಕು. ಆದರೆ ಕಟ್ಟೆಯ ಮೇಲೆ ಯಾರೂ ಬಕೆಟ್ಟು ಕೆಳಗಿಡಲಿಲ್ಲ. ಅತಿಥಿಗಳ ಸಾಲೇನೂ ಬಂದು ನಿಲ್ಲಲಿಲ್ಲ. ಇವರಿಬ್ಬರು ಮಾತ್ರ ದಿನವೂ ನೀರು ನೋಡಲು ಹೋಗಿ ಬರುತ್ತಿದ್ದರು. ಸುದ್ದಿ ಹೇಳುವ ಕೆಲಸವಿಲ್ಲದಿದ್ದರೂ ಅವಳಿಗೆ ನೋಡದೆ ಇರಲಾಗುತ್ತಿರಲಿಲ್ಲ. ಸಂಜೆ ಬೋಟು ಕಟ್ಟಿದ ಮೇಲೆ ಅವಳ ಕಾಲು ತಾನಾಗಿ ಮೆಟ್ಟಿಲಿನ ಕಡೆ ತಿರುಗಿ, ಅಲ್ಲೇ ನಿಂತುಬಿಡುತ್ತಿತ್ತು. ದರ್ಜಿ ಅದನ್ನು ನೋಡಲಾಗದೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದ.

ಒಂದು ಮಧ್ಯಾಹ್ನ ಮನೆಗೆ ಫೋನು ಬಂತು. ಹಲ್ಲಿನ ಡಾಕ್ಟರಮ್ಮ. ವರ್ಷಕ್ಕೊಮ್ಮೆ ತಪ್ಪದೆ ಬಂದು ಅವಳ ಬೋಟನ್ನೇ ಹತ್ತುವವರು, ಒಂದು ಸಲವೂ ಹಾಯಿಮೀನು ಹಿಡಿಯದವರು. ಹಲ್ಲು ಕಿತ್ತು ಕಿತ್ತು ತೋಳು ಗಟ್ಟಿಯಾಗಿದೆ, ಮೀನೇ ಸಿಗುತ್ತಿಲ್ಲ ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವವರು.

"ಏನ್ರೀ ಇದು," ಎಂದರು ಡಾಕ್ಟರಮ್ಮ, "ನಿಮ್ಮ ನಂಬರಲ್ಲಿ ಯಾರೋ ಗಂಡಸು ಸಮುದ್ರ ನಗ್ತಿದೆ ಅಂತಿದ್ದಾರೆ. ನಗೋಕೆ ಬಾಯಲ್ಲಿ ಹಲ್ಲಿದೆಯಾ ಇಲ್ವಾ, ಅದನ್ನ ನೀವು ಹೇಳಿ."

"ಕಂಡದ್ದು ಹೇಳ್ತೀನಿ ಡಾಕ್ಟರೇ. ಇಲ್ಲೆಲ್ಲ ಇನ್ನೂ ಹಸಿರೇ. ಆದ್ರೆ ನಿನ್ನೆ ನಾವು ತುಂಬ ದೂರ ಹೋಗಿದ್ವಿ. ಅಲ್ಲಿ ನೀರು ಕೊಂಚ ಬೆಚ್ಚಗಾಗಿದೆ. ಹಕ್ಕಿ ಒಂದೆರಡು ಬಂದಿವೆ. ಮೀನು ಕಂಡಿಲ್ಲ. ಬಂದ್ರೆ ಬರಿಗೈಲಿ ವಾಪಸ್ ಹೋಗ್ಬೇಕಾಗ್ಬಹುದು."

"ಅಷ್ಟು ಸಾಕು. ನಾಳೆ ಬರ್ತೀನಿ."

ಮರುದಿನ ಅವಳು ಬೋಟನ್ನು ಯಾರೂ ಹೋಗದಷ್ಟು ದೂರ ನಡೆಸಿದಳು. ತೀರ ಮರೆಯಾಗಿ ಬಹಳ ಹೊತ್ತಾದ ಮೇಲೆ ನೀರಿನ ಮೇಲೊಂದು ನೊರೆಯ ಗೆರೆ ಕಾಣಿಸಿತು. ಗೆರೆಯ ಈಚೆ ಹಸಿರು, ಆಚೆ ಕಡುನೀಲಿ. ಕತ್ತರಿಸಿ ಜೋಡಿಸಿದ ಎರಡು ಬಟ್ಟೆಗಳ ಹಾಗಿತ್ತು, ದರ್ಜಿಗೆ ಹೊಲಿಗೆ ಹುಡುಕುವಂತಾಯಿತು. ಅವಳು ಇಂಜಿನ್ನಿನ ಸದ್ದು ಇಳಿಸಿ, ಗೆರೆಯನ್ನು ದಾಟದೆ, ಅದರ ಅಂಚಿನಲ್ಲೇ ಬೋಟನ್ನು ಜಾರಿಸಿಕೊಂಡು ಹೋದಳು. ಹಕ್ಕಿಗಳು ಒಂದು ಕಡೆ ಸುತ್ತುತ್ತಿದ್ದವು. ಅವಳು ಅವುಗಳ ಮೇಲೆ ನುಗ್ಗಲಿಲ್ಲ. ಅವು ಎತ್ತ ಸಾಗುತ್ತಿವೆಯೋ ಅದರ ಮುಂದಕ್ಕೆ ಹೋಗಿ, ಕಾದಳು.

"ರೀ, ಬಲಗಡೆ ಗಾಳ ನೋಡ್ಕೊಳ್ಳಿ," ಎಂದಳು ಮೇಲಿನಿಂದ.

ಅವಳ ಮಾತು ಮುಗಿದಿರಲಿಲ್ಲ, ರೀಲು ಕಿರುಚಿತು. ಡಾಕ್ಟರಮ್ಮ ಕೋಲು ಹಿಡಿದರು. ದೂರದಲ್ಲಿ ನೀರು ಒಡೆದು ಹಾಯಿಮೀನು ಮೇಲೆ ಬಂತು, ಇಡೀ ಮೈ, ನೀಲಿ, ಬೆಳ್ಳಿ, ಬಿಚ್ಚಿದ ಹಾಯಿ, ತಲೆ ಕೊಡವಿ ಕೊಡವಿ ಬಾಲದ ಮೇಲೆ ನಡೆಯಿತು. ದರ್ಜಿ ವರ್ಷಗಳಿಂದ ನೋಡಿದವನು, ಆದರೂ ಬಾಯಿ ತೆರೆದು ನಿಂತ. ಆಮೇಲೆ ಶುರುವಾಯಿತು ಜಗ್ಗಾಟ. ಮೀನು ಓಡಿದರೆ ಬೋಟು ಹಿಮ್ಮುಖವಾಗಿ ಅದರ ಹಿಂದೆ. ಮೀನು ಬೋಟಿನ ಅಡಿಗೆ ನುಗ್ಗಿದರೆ, ದಾರ ತಗುಲುವ ಮೊದಲೇ ಬೋಟು ಗಿರಕ್ಕನೆ ತಿರುಗಿ ಪಕ್ಕಕ್ಕೆ. ಮೀನಿನ ಮನಸ್ಸಿನಲ್ಲಿ ಏನಿದೆ ಎಂದು ಮೀನಿಗಿಂತ ಒಂದು ಗಳಿಗೆ ಮೊದಲೇ ಅವಳಿಗೆ ತಿಳಿಯುವಂತಿತ್ತು. ಅಷ್ಟು ದೊಡ್ಡ ಬೋಟನ್ನು ಅವಳು ಸೂಜಿ ಆಡಿಸಿದಷ್ಟು ಹಗುರವಾಗಿ ಆಡಿಸಿದಳು. ಕೆಳಗೆ ಡಾಕ್ಟರಮ್ಮ ಬೆವರಿಳಿಸುತ್ತ, ಮೀನಿಗೆ "ಸ್ವಲ್ಪ ಬಾಯಿ ತೆಗೀಪ್ಪ, ನೋವಾಗಲ್ಲ," ಎಂದು ರೋಗಿಗಳಿಗೆ ಹೇಳುವ ಮಾತನ್ನೇ ಹೇಳುತ್ತಿದ್ದರು.

ಕೊನೆಗೆ ಮೀನು ಪಕ್ಕಕ್ಕೆ ಬಂತು. ದರ್ಜಿ ಕೈಗವಸು ಹಾಕಿ, ಬಾಗಿ, ಈಟಿಯಂಥ ಮೂತಿ ಹಿಡಿದು ಗಾಳ ಬಿಡಿಸಿದ. ಮೀನು ಸುಸ್ತಾಗಿತ್ತು. ಅವಳು ಬೋಟನ್ನು ನಡಿಗೆಯ ವೇಗಕ್ಕೆ ತಂದಳು. ಅವನು ಅದನ್ನು ಹಿಡಿದುಕೊಂಡೇ, ಬಾಯೊಳಗೆ ನೀರು ಹರಿಯುವಂತೆ ಜೊತೆಜೊತೆಗೆ ಕರೆದೊಯ್ದ. ಅದರ ಕಣ್ಣು, ಸಣ್ಣ ತಟ್ಟೆಯಷ್ಟು, ಅವನನ್ನೇ ನೋಡಿತು. ಮೈಗೆ ಮತ್ತೆ ನೀಲಿ ಬಣ್ಣ ಏರಿತು, ಬಾಲ ಒಮ್ಮೆ ಬಡಿಯಿತು, ಅವನ ಮುಖಕ್ಕೆಲ್ಲ ನೀರು ಎರಚಿ ಮೀನು ಇಳಿದು ಹೋಯಿತು. ಫೋಟೋ ತೆಗೆಯಲು ಮೂವರಲ್ಲಿ ಒಬ್ಬರ ಕೈಯೂ ಖಾಲಿ ಇರಲಿಲ್ಲ. ಡಾಕ್ಟರಮ್ಮ ನೆಲದ ಮೇಲೇ ಕೂತು ಅತ್ತರು, ನಕ್ಕರು, ಮತ್ತೆ ಅತ್ತರು.

ದೂರ ಹೋಗಿದ್ದರಿಂದ ಮರಳುವುದು ತಡವಾಯಿತು. ಬಂದರಿನ ದೀಪಗಳು ಹತ್ತುತ್ತಿದ್ದವು, ಸಂಜೆ ಸುದ್ದಿ ಆಗಲೇ ಶುರುವಾಗಿ ಚಿಕ್ಕಪ್ಪನ ದನಿ ನೀರಿನ ಮೇಲೆ ತೇಲಿ ಬರುತ್ತಿತ್ತು.

"ರೀ, ಬಾವುಟ ಏರಿಸಿ," ಎಂದಳು ಅವಳು.

ದರ್ಜಿ ಕದಲಲಿಲ್ಲ. "ಬೇಡ ಕಣೇ. ಯಾರು ನಂಬ್ತಾರೆ? ಡಾಕ್ಟರಮ್ಮ ಸಾಕ್ಷಿ ಹೇಳಿದ್ರೂ ನಮ್ಮ ಬೋಟಿನ ಅತಿಥಿ ಅಲ್ವಾ ಅಂತಾರೆ. ಮತ್ತೆ ಒಗೆದ್ಯಾ ಅಂತಾರೆ. ನಿನ್ನನ್ನೂ ಸೇರಿಸಿ ನಗ್ತಾರೆ."

"ನಗ್ಲಿ. ಮೀನು ಹಿಡಿದಿದ್ದೀವಿ, ಬಿಟ್ಟಿದ್ದೀವಿ. ಏರಿಸಿ."

ಅವನು ಏರಿಸಿದ. ಅಟ್ಟ ದಾಟಿ ಬರುತ್ತಿದ್ದ ತುಂತುರಿಗೆ ಬಾವುಟ ಒದ್ದೆಯಾಗಿ, ಭಾರವಾಗಿ, ತಲೆಕೆಳಗಾಗಿ ಜೋತಿತು. ಬಂದರಿನ ಬಾಯಿ ಹೊಕ್ಕಾಗ ಕಟ್ಟೆಯ ಮೇಲಿನವರೆಲ್ಲ ತಿರುಗಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ನಗಲೂ ಇಲ್ಲ. ಎಲ್ಲರೂ ಒಮ್ಮೆ ಬಾವುಟ ನೋಡುವುದು, ಒಮ್ಮೆ ಗೋದಾಮಿನ ಮೇಲಿನ ಕಿಟಕಿ ನೋಡುವುದು. ದರ್ಜಿಗೆ ತನ್ನ ಕೈಯಲ್ಲೇ ಹೊಲಿದ ಬಟ್ಟೆಯನ್ನು ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ. ಅಂದು ತಾನು ಆಡಿದ ಆಟಕ್ಕೆ ಇಂದು ಅವಳ ನಿಜವಾದ ಮೀನು ದಂಡ ತೆರಬೇಕಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ.

"ಸಮುದ್ರ ನಗು..." ಎನ್ನುತ್ತಿದ್ದ ದನಿ ಅಲ್ಲೇ ನಿಂತಿತು. ಕಿಟಕಿಯಲ್ಲಿ ಮೀಸೆ ಕಾಣಿಸಿತು. ಬಹಳ ಹೊತ್ತು ಸ್ಪೀಕರಿನಲ್ಲಿ ಗೊರಗೊರ ಸದ್ದು ಬಿಟ್ಟು ಬೇರೇನೂ ಇಲ್ಲ. ಆಮೇಲೆ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ.

"ನಮ್ಮ ಹುಡುಗಿಯ ಬೋಟು ಬರ್ತಿದೆ. ಕಂಬದ ಮೇಲೆ ಒಂದು ಬಾವುಟ ಇದೆ, ತಲೆಕೆಳಗೆ. ಆ ಮೀನನ್ನ ನಾನು ನೋಡಿಲ್ಲ. ನೀವೂ ನೋಡಿಲ್ಲ."

ಮತ್ತೆ ಗೊರಗೊರ.

"ನನ್ನ ಕಂಬದ ಮೇಲಿರೋ ಬಾವುಟಗಳೆಲ್ಲ ಕೇಳಿದ್ದು. ಅವಳ ಕಂಬದ ಮೇಲಿರೋದು ಕಂಡದ್ದು. ಉಳಿದದ್ದನ್ನ ಅವಳೇ ಬಂದು ಹೇಳ್ತಾಳೆ, ಯಾರೂ ಹೋಗ್ಬೇಡಿ."

ಮೈಕು ಆರಿಸುವುದನ್ನು ಅವನು ಮರೆತ. ಕುರ್ಚಿ ಹಿಂದಕ್ಕೆ ಸರಿದದ್ದು, ಬಾಗಿಲು ತೆರೆದದ್ದು, ಭಾರದ ಮನುಷ್ಯ ಒಂದೊಂದೇ ಮೆಟ್ಟಿಲು ಇಳಿದದ್ದು, ಎಲ್ಲವೂ ಇಡೀ ಬಂದರಿಗೆ ಕೇಳಿಸಿತು. ಕಟ್ಟೆಯ ಮೇಲಿನವರು ನಿಂತಲ್ಲೇ ನಿಂತಿದ್ದರು. ಕೈಯಲ್ಲಿದ್ದ ಬಕೆಟ್ಟುಗಳು ಕೆಳಗಿಳಿದವು. ಚಿಕ್ಕಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬೋಟು ಕಟ್ಟೆಗೆ ತಾಗುವ ಮೊದಲೇ ಕೀಲಿ ಹಿಡಿದು ಕೈ ಚಾಚಿ ನಿಂತ. ಅವಳು ಅಟ್ಟದಿಂದ ಇಳಿದಳು. ಕೀಲಿ ತೆಗೆದುಕೊಂಡು, ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ದರ್ಜಿ ಕಣ್ಣೊರೆಸಿಕೊಂಡು, ಅಭ್ಯಾಸದಂತೆ ಕಂಬದ ಹಗ್ಗಕ್ಕೆ ಕೈ ಹಾಕಿದ್ದ. ಮೆಟ್ಟಿಲ ಕಡೆ ಹೊರಟವಳು ತಿರುಗಿ ನೋಡಿದಳು.

"ರೀ, ಅದನ್ನ ಇಳಿಸ್ಬೇಡಿ," ಎಂದಳು. "ಒದ್ದೆಯಾಗಿದೆ. ಒಣಗ್ಲಿ."